ಡ್ಯಾಶ್‌ಕ್ಯಾಮ್ ಚೆನ್ನಾಗೇ ಇದೆ, ಕಾರ್ಡ್ ಯಾಕೆ ಪದೇ ಪದೇ ಹೋಗ್ತಿದೆ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ನಾಲ್ಕು ಒಂದೇ ವಿಷಯಕ್ಕೆ ಸೇರಿದವು, ಗಾಡಿ ಓಡುವಾಗ ರೋಡನ್ನ ವಿಡಿಯೋ ಮಾಡೋ ಡ್ಯಾಶ್‌ಕ್ಯಾಮು ಮತ್ತೆ ಅದರೊಳಗಿನ ಮೆಮೊರಿ ಕಾರ್ಡು, ಅದಕ್ಕೆ ಒಟ್ಟಿಗೇ ಉತ್ತರ ಬರೀತಿದೀನಿ.

ಪ್ರಶ್ನೆ: ಸರ್, ನಾನು ಬೆಂಗಳೂರಲ್ಲಿ ಕ್ಯಾಬ್ ಓಡಿಸ್ತೀನಿ, ದಿನಕ್ಕೆ ಹನ್ನೆರಡು ಗಂಟೆ ಗಾಡಿ ರೋಡಲ್ಲೇ. ಹೋದ ವರ್ಷ ಮುಂದೊಂದು ಹಿಂದೊಂದು ಕ್ಯಾಮೆರಾ ಇರೋ ಡ್ಯಾಶ್‌ಕ್ಯಾಮ್ ಹಾಕಿಸ್ದೆ. ಅಂಗಡಿಯವ್ರು 64 ಜಿಬಿ ಕಾರ್ಡ್ ಫ್ರೀ ಕೊಟ್ರು, ಐದು ತಿಂಗಳಿಗೆ ಹೋಯ್ತು. ಆಮೇಲೆ ಮೊಬೈಲ್ ಅಂಗಡೀಲಿ ಇನ್ನೊಂದು ತಗೊಂಡೆ, ಅದೂ ಅದೇ ಕಥೆ. ಹೋದ ತಿಂಗಳು ಸಿಲ್ಕ್ ಬೋರ್ಡ್ ಹತ್ರ ಒಬ್ಬ ಹಿಂದಿಂದ ಬಂದು ಗುದ್ದಿ ನಂದೇ ತಪ್ಪು ಅಂದ, ವಿಡಿಯೋ ತೋರಿಸೋಣ ಅಂತ ತೆಗೆದು ನೋಡಿದ್ರೆ ಹನ್ನೊಂದು ದಿನದಿಂದ ಏನೂ ರೆಕಾರ್ಡೇ ಆಗಿಲ್ಲ. ಲೈಟ್ ಮಾತ್ರ ದಿನಾ ಉರೀತಿತ್ತು. ಕೆಟ್ಟಿರೋದು ಕ್ಯಾಮೆರಾನಾ ಕಾರ್ಡಾ?

ಉತ್ತರ: ಕಾರ್ಡು. ನೀವು ಬರ್ದಿರೋ ಲಕ್ಷಣ ನೋಡಿದ್ರೆ ಹೆಚ್ಚುಕಮ್ಮಿ ಖಂಡಿತ ಕಾರ್ಡೇ. ಒಂದು ಚಿಕ್ಕ ಪರೀಕ್ಷೆ ಮಾಡಿ ನೋಡಿ, ಕಾರ್ಡನ್ನ ಕಂಪ್ಯೂಟರ್‌ಗೆ ಹಾಕಿ ಫಾರ್ಮ್ಯಾಟ್ ಮಾಡಿ, ಅಂದ್ರೆ ಇರೋದನ್ನೆಲ್ಲ ಅಳಿಸಿ, ಆಯ್ತು ಅಂತ ಹೇಳುತ್ತೆ, ತೆಗೆದು ಮತ್ತೆ ಹಾಕಿ. ಹಳೇ ಫೈಲ್‌ಗಳೆಲ್ಲ ಅಲ್ಲೇ ಕೂತಿದ್ರೆ ಆ ಕಾರ್ಡಿನ ಆಯಸ್ಸು ಮುಗೀತು ಅಂತ ಅರ್ಥ. ಸವೆದು ಹೋದ ಎಷ್ಟೋ ಕಾರ್ಡು ಪೂರ್ತಿ ಸಾಯೋ ಬದ್ಲು ಹಿಂಗೇ ಆಗುತ್ತವೆ, ಓದೋಕೆ ಬಿಡುತ್ತೆ, ಹೊಸದಾಗಿ ಬರೆಯೋಕೆ ಬಿಡಲ್ಲ. ಕ್ಯಾಮೆರಾ ಪಾಪ ಬರೀತಾನೇ ಇರುತ್ತೆ, ಕೆಲವು ಮಾಡೆಲ್‌ಗಳು ಎಚ್ಚರಿಕೆ ಕೊಡ್ತವೆ, ಕೆಲವು ಏನೂ ಹೇಳಲ್ಲ.

ಯಾಕೆ ಹಿಂಗಾಗುತ್ತೆ ಅಂದ್ರೆ, ಸ್ಕೂಲಲ್ಲಿ ಪೆನ್ಸಿಲಲ್ಲಿ ಬರೆದು ರಬ್ಬರಲ್ಲಿ ಉಜ್ತಿದ್ವಲ್ಲ, ಒಂದೇ ಜಾಗದಲ್ಲಿ ಹತ್ತು ಸಲ ಉಜ್ಜಿದ್ರೆ ಹಾಳೆ ತೆಳ್ಳಗಾಗಿ ಕೊನೆಗೆ ತೂತೇ ಬೀಳೋದು, ಕಾರ್ಡಿನೊಳಗೂ ಹಂಗೇ. ಒಳಗಿರೋ ಒಂದೊಂದು ಸೆಲ್ಲೂ ಒಂದಿಷ್ಟು ವಿದ್ಯುತ್ ಚಾರ್ಜ್ ಹಿಡಿದಿಟ್ಕೊಳ್ಳುತ್ತೆ, ಅಳಿಸಿ ಬರೆದಾಗೆಲ್ಲ ಅದರ ಸುತ್ತ ಇರೋ ತೆಳು ಪದರ ಸವೀತಾ ಹೋಗುತ್ತೆ. ಹಿಂದೆ ಒಂದು ಸೆಲ್ಲಲ್ಲಿ ಒಂದೇ ಬಿಟ್ (0 ಅಥವಾ 1) ಇಡ್ತಿದ್ರು, ಈಗ ಕಮ್ಮಿ ದುಡ್ಡಿಗೆ ಜಾಸ್ತಿ ಜಿಬಿ ಕೊಡ್ಬೇಕು ಅಂತ ಮೂರು ಬಿಟ್ ಇಡ್ತಾರೆ, ಅಂದ್ರೆ ಒಂದೇ ಸೆಲ್ಲು ಎಂಟು ಬೇರೆ ಬೇರೆ ಮಟ್ಟದ ಚಾರ್ಜನ್ನ ಗುರುತಿಟ್ಕೋಬೇಕು, ನಾಲ್ಕು ಬಿಟ್ ಆದ್ರೆ ಹದಿನಾರು ಮಟ್ಟ. ಸ್ವಲ್ಪ ಸವೆದ್ರೂ ಲೆಕ್ಕ ತಪ್ಪುತ್ತೆ. ಮೊಬೈಲಲ್ಲಿ ಫೋಟೋ ಇಡೋಕೆ ಇದೇನೂ ತೊಂದ್ರೆ ಇಲ್ಲ, ಒಂದ್ಸಲ ಬರೆದು ಬಿಡ್ತೀವಿ. ಡ್ಯಾಶ್‌ಕ್ಯಾಮ್ ಹಂಗಲ್ಲ, ತುಂಬಿದ ತಕ್ಷಣ ಹಳೇದನ್ನ ಅಳಿಸಿ ಮತ್ತೆ ಮೊದಲಿಂದ ಬರೀತಾನೇ ಇರುತ್ತೆ, ಇದಕ್ಕೇ ಲೂಪ್ ರೆಕಾರ್ಡಿಂಗ್ ಅನ್ನೋದು.

ನಿಮ್ದೇ ಲೆಕ್ಕ ಹಾಕಿ ನೋಡೋಣ. ಎರಡು ಫುಲ್ ಎಚ್‌ಡಿ ಕ್ಯಾಮೆರಾ, ಒಂದೊಂದು ಸೆಕೆಂಡಿಗೆ 15 ಮೆಗಾಬಿಟ್ ಅಂತ ಇಟ್ಕೊಳ್ಳಿ, ಒಟ್ಟು 30. ಎಂಟು ಬಿಟ್ ಸೇರಿದ್ರೆ ಒಂದು ಬೈಟ್, ಆ ಲೆಕ್ಕದಲ್ಲಿ ಗಂಟೆಗೆ ಹದಿಮೂರುವರೆ ಜಿಬಿ, ಹನ್ನೆರಡು ಗಂಟೆಗೆ 162 ಜಿಬಿ. ನಿಮ್ಮ 64 ಜಿಬಿ ಕಾರ್ಡು ದಿನಕ್ಕೆ ಎರಡೂವರೆ ಸಲ ತುಂಬಿ ಅಳಿಸ್ಕೊಳ್ತಿದೆ, ವರ್ಷಕ್ಕೆ 300 ದಿನ ಗಾಡಿ ಓಡಿಸಿದ್ರೂ 760 ಸಲ. ಸಾದಾ ಕಾರ್ಡಿಗೆ ಅದು ದೊಡ್ಡ ಹೊಡೆತ, ಕಮ್ಮಿ ರೇಟಿನ ಚಿಪ್ ಆದ್ರಂತೂ ವರ್ಷ ತುಂಬೋದೇ ಕಷ್ಟ. ಅದೇ ಜಾಗಕ್ಕೆ 256 ಜಿಬಿ ಹಾಕಿದ್ರೆ ವರ್ಷಕ್ಕೆ 190 ಸಲ ಅಷ್ಟೇ. ದೊಡ್ಡ ಕಾರ್ಡ್ ತಗೊಳ್ಳಿ ಅನ್ನೋದು ಜಾಸ್ತಿ ವಿಡಿಯೋ ಇರ್ಲಿ ಅಂತಷ್ಟೇ ಅಲ್ಲ, ಸವೆತ ಹಂಚಿಹೋಗ್ಲಿ ಅಂತ. ತಗೊಳ್ಳೋಕೆ ಮುಂಚೆ ನಿಮ್ಮ ಕ್ಯಾಮೆರಾ ಎಷ್ಟು ಜಿಬಿವರೆಗೆ ತಗೊಳ್ಳುತ್ತೆ ಅಂತ ಬುಕ್‌ಲೆಟ್ಟಲ್ಲಿ ನೋಡಿ, ಹಳೇ ಮಾಡೆಲ್‌ಗಳು 32ಕ್ಕೋ 128ಕ್ಕೋ ನಿಂತುಬಿಡ್ತವೆ.

ಇನ್ನು ಯಾವ ಕಾರ್ಡು ಅಂದ್ರೆ, ಪ್ಯಾಕೆಟ್ ಮೇಲೆ 'ಎಂಡ್ಯೂರೆನ್ಸ್' ಅಂತ ಇರ್ಬೇಕು. ಇದನ್ನ ಡ್ಯಾಶ್‌ಕ್ಯಾಮು, ಸಿಸಿಟಿವಿ ಥರ ಸದಾ ಬರೆಯೋ ಕೆಲಸಕ್ಕೆ ಅಂತಲೇ ಮಾಡ್ತಾರೆ, ಎಷ್ಟು ಗಂಟೆ ರೆಕಾರ್ಡಿಂಗ್ ತಡೆಯುತ್ತೆ ಅಂತ ಕಂಪನಿಯೇ ಹೇಳುತ್ತೆ. ಸ್ಯಾನ್‌ಡಿಸ್ಕ್ ಹೈ ಎಂಡ್ಯೂರೆನ್ಸ್ 128 ಜಿಬಿಗೆ 10,000 ಗಂಟೆ, 256ಕ್ಕೆ 20,000. ಅದೇ ಕಂಪನಿಯ ಮ್ಯಾಕ್ಸ್ ಎಂಡ್ಯೂರೆನ್ಸ್ 128ಕ್ಕೆ 60,000. ಸ್ಯಾಮ್‌ಸಂಗ್ ಪ್ರೋ ಎಂಡ್ಯೂರೆನ್ಸ್ 128ಕ್ಕೆ 70,080 ಗಂಟೆ, ಅದು ಸೆಕೆಂಡಿಗೆ 26 ಮೆಗಾಬಿಟ್ ಲೆಕ್ಕದಲ್ಲಿ, ನಿಮ್ದು 30 ಆಗೋದ್ರಿಂದ ಸ್ವಲ್ಪ ಇಳಿಸ್ಕೊಳ್ಳಿ. ಇವೆಲ್ಲ ಲ್ಯಾಬಿನ ಗರಿಷ್ಠ ಲೆಕ್ಕ, ರೋಡಲ್ಲಿ ಬಿಸಿಲು ಧೂಳು ಕುಲುಕಾಟ ಎಲ್ಲ ಇದೆ, ಅರ್ಧ ಸಿಕ್ಕಿದ್ರೂ ನಿಮಗೆ ವರ್ಷಗಟ್ಲೆ ಬರುತ್ತೆ. ದಿನಕ್ಕೆ ಹನ್ನೆರಡು ಗಂಟೆ ಓಡಿಸೋರಿಗೆ ನನ್ನ ಸಲಹೆ ಮ್ಯಾಕ್ಸ್ ಅಥವಾ ಪ್ರೋ, 128ಕ್ಕಿಂತ ಕಮ್ಮಿ ಬೇಡ. ಇನ್ನೊಂದು, ಎಷ್ಟೋ ಸಾದಾ ಕಾರ್ಡುಗಳ ವಾರಂಟಿ ಷರತ್ತಲ್ಲಿ ಡ್ಯಾಶ್‌ಕ್ಯಾಮಿಗೆ ಹಾಕಿದ್ರೆ ವಾರಂಟಿ ಇಲ್ಲ ಅಂತಲೇ ಸಣ್ಣಕ್ಷರದಲ್ಲಿ ಇರುತ್ತೆ, ದಯವಿಟ್ಟು ಓದಿ.

ಸ್ಪೀಡ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ಯು3 ಅಥವಾ ವಿ30 ಅಂತ ಇದ್ರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತೆ, ನಿಮಗೆ ಬೇಕಾಗಿರೋದು ನಾಲ್ಕು ಎಂಬಿನೂ ಇಲ್ಲ. ಎ1, ಎ2 ಅನ್ನೋದು ಮೊಬೈಲ್ ಆ್ಯಪ್ ಓಡಿಸೋಕೆ, ಇಲ್ಲಿ ಅದಕ್ಕೆ ಜಾಸ್ತಿ ದುಡ್ಡು ಕೊಡ್ಬೇಡಿ.

ಇಷ್ಟು ಉದ್ದ ಯಾಕೆ ಬರೀತಿದೀನಿ ಅಂದ್ರೆ ನಮ್ಮ ಮನೇಲೂ ಇದೇ ಆಗಿದೆ. ಹಿರಿಯೂರು ದಾಟಿ ಹೈವೇಲಿ ನಮ್ಮಣ್ಣನ ಕಾರಿಗೆ ಒಂದು ಗಾಡಿ ಅಡ್ಡ ಬಂದು ಹೊಡೀತು. ಯಾರಿಗೂ ಏನೂ ಆಗ್ಲಿಲ್ಲ, ಅದೇ ಪುಣ್ಯ. ರಾತ್ರಿ ಕೂತು ಕಾರ್ಡ್ ತೆಗೆದು ನೋಡಿದ್ರೆ ಆ ಹೊತ್ತಿನ ಫೈಲ್ ಹೆಸರಿದೆ, ಸಮಯ ಸರಿ ಇದೆ, ಪಕ್ಕದಲ್ಲಿ ಸೈಜ್ ಅನ್ನೋ ಕಡೆ 0 ಕೆಬಿ. ಆ ಸೊನ್ನೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಅಣ್ಣ ಕ್ಯಾಮೆರಾಗೆ ಸಾವಿರಾರು ರೂಪಾಯಿ ಕೊಟ್ಟಿದ್ದ, ಕಾರ್ಡು ಜೊತೆಗೆ ಬಂದಿದ್ದೇ ಸಾಕು ಅಂದ್ಕೊಂಡಿದ್ದ.

ಪ್ರಶ್ನೆ: ನಮಸ್ಕಾರ್ರೀ, ನಮ್ದು ರಾಯಚೂರು, ಇಲ್ಲಿ ಬಿಸ್ಲು ಹ್ಯಾಂಗಿರ್ತದ ನಿಮಗ ಗೊತ್ತೇ ಅದ. ಮಧ್ಯಾಹ್ನ ಕಾರ್ ಹೊರಗ ನಿಲ್ಸಿದ್ರ ಸ್ಟೇರಿಂಗ್ ಮುಟ್ಟಾಕ ಆಗಂಗಿಲ್ಲ. ಆ ಬಿಸಿಗಿ ಕಾರ್ಡ್ ತಡೀತದೇನ್ರಿ?

ಉತ್ತರ: ತಡೆಯುತ್ತೆ ರೀ, ಒಳ್ಳೇ ಎಂಡ್ಯೂರೆನ್ಸ್ ಕಾರ್ಡಿಗೆ 85 ಡಿಗ್ರಿವರೆಗೆ ಕೆಲಸ ಮಾಡುತ್ತೆ ಅಂತ ಬರೆದಿರ್ತಾರೆ. ಅದಕ್ಕಿಂತ ಮುಂಚೆ ಕ್ಯಾಮೆರಾನೇ ಸೋಲುತ್ತೆ. ಒಳಗೆ ಲಿಥಿಯಂ ಬ್ಯಾಟರಿ ಇದ್ರೆ ನಿಮ್ಮೂರ ಬೇಸಿಗೆಗೆ ಉಬ್ಬಿಕೊಳ್ಳೋ ಸಾಧ್ಯತೆ ಇದೆ, ಬ್ಯಾಟರಿ ಬದ್ಲು ಸೂಪರ್ ಕೆಪಾಸಿಟರ್ (ಸ್ವಲ್ಪ ಹೊತ್ತಿಗೆ ಬೇಕಾದಷ್ಟು ಕರೆಂಟ್ ಹಿಡಿದಿಡೋ ಭಾಗ) ಇರೋ ಮಾಡೆಲ್ಲೇ ನೋಡಿ ತಗೊಳ್ಳಿ. ಇಂಜಿನ್ ಆಫ್ ಮಾಡಿದಾಗ ಅಥವಾ ಆ್ಯಕ್ಸಿಡೆಂಟಲ್ಲಿ ವೈರ್ ಕಿತ್ತು ಬಂದಾಗ ಕೊನೇ ಫೈಲನ್ನ ಪೂರ್ತಿ ಮಾಡಿ ಮುಚ್ಚೋಕೆ ಬೇಕಾದ ಕೆಲವು ಸೆಕೆಂಡಿನ ಕರೆಂಟು ಇದರಿಂದಲೇ ಬರೋದು. ಆದ್ರೆ ಬಿಸಿ ಜಾಸ್ತಿ ಆದಷ್ಟೂ ಸೆಲ್ಲಲ್ಲಿರೋ ಚಾರ್ಜ್ ಬೇಗ ಸೋರುತ್ತೆ, ಸವೆದ ಕಾರ್ಡಲ್ಲಿ ಇನ್ನೂ ಬೇಗ. ಅದಕ್ಕೆ ಮುಖ್ಯವಾದ ವಿಡಿಯೋನ ಕಾರ್ಡಲ್ಲೇ ವಾರಗಟ್ಲೆ ಬಿಟ್ಟು ಕೂರಬೇಡಿ. ಕ್ಯಾಮೆರಾನ ಡ್ಯಾಶ್‌ಬೋರ್ಡ್ ಮೇಲೆ ಕೂರಿಸದೆ ಮೇಲೆ ಕನ್ನಡಿ ಹಿಂದೆ, ಗಾಜಿನ ಮೇಲೆ ಕಪ್ಪು ಚುಕ್ಕೆ ಇರ್ತವಲ್ಲ ಅದರ ಹತ್ರ ಅಂಟಿಸಿ, ಅಲ್ಲಿ ನೇರ ಬಿಸಿಲು ಕಮ್ಮಿ. ಏಪ್ರಿಲ್ ಮೇ ತಿಂಗಳಲ್ಲಿ ಹಗಲು ಪಾರ್ಕಿಂಗ್ ಮೋಡ್ (ಗಾಡಿ ನಿಲ್ಲಿಸಿದಾಗಲೂ ರೆಕಾರ್ಡ್ ಮಾಡೋದು) ಆಫ್ ಇಟ್ಟುಬಿಡಿ.

ಪ್ರಶ್ನೆ: ಆನ್‌ಲೈನಲ್ಲಿ 512 ಜಿಬಿ ಕಾರ್ಡು 400 ರೂಪಾಯಿಗೆ ಬರ್ತಿದೆ, ಕಂಪ್ಯೂಟರಲ್ಲೂ 512 ಅಂತಲೇ ತೋರಿಸ್ತಿದೆ ಅಂತ ನನ್ನ ತಮ್ಮ ತಂದಿದಾನೆ. ನಂಬಬಹುದಾ? (ಶಿವಮೊಗ್ಗದಿಂದ ಒಬ್ಬ ಟೀಚರ್)

ಉತ್ತರ: ಬೇಡ ಮೇಡಂ. ಕಂಪ್ಯೂಟರ್ ತೋರಿಸೋದು ಕಾರ್ಡು ತನ್ನ ಬಗ್ಗೆ ತಾನೇ ಏನು ಹೇಳ್ಕೊಳ್ಳುತ್ತೋ ಅದು. ಒಳಗೆ 32 ಜಿಬಿ ಚಿಪ್ ಇಟ್ಟು 512 ಅಂತ ಹೇಳೋ ಹಂಗೆ ತಿದ್ದಿರ್ತಾರೆ, 32 ತುಂಬೋವರೆಗೆ ಎಲ್ಲ ಸರಿ, ಆಮೇಲೆ ಬರೆದಿದ್ದೆಲ್ಲ ಎಲ್ಲೂ ಇರಲ್ಲ ಅಥವಾ ಮೊದಲಿಂದೇ ಹಾಳಾಗುತ್ತೆ. ವಿಂಡೋಸಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಅಂತ ಫ್ರೀ ಪ್ರೋಗ್ರಾಂ ಇದೆ, ಲಿನಕ್ಸ್ ಮ್ಯಾಕ್ ಇದ್ರೆ ಎಫ್3, ಕಾರ್ಡನ್ನ ಪೂರ್ತಿ ತುಂಬಿಸಿ ಮತ್ತೆ ಓದಿ ಸರಿ ಇದ್ಯಾ ನೋಡುತ್ತೆ. ದೊಡ್ಡ ಕಾರ್ಡಿಗೆ ಗಂಟೆಗಟ್ಲೆ ಹಿಡಿಯುತ್ತೆ, ರಾತ್ರಿ ಹಾಕಿ ಮಲಗಿ. ಒಳ್ಳೇ ಬ್ರ್ಯಾಂಡಿನ ಹೆಸರಲ್ಲೂ ನಕಲಿ ಬರೋದ್ರಿಂದ ಯಾವ ಕಾರ್ಡು ತಂದ್ರೂ ರಿಟರ್ನ್ ಮಾಡೋ ದಿನ ಮುಗಿಯೋದ್ರೊಳಗೆ ಈ ಟೆಸ್ಟ್ ಮಾಡಿ. ಅಂದಹಾಗೆ ಅಸಲಿ 64 ಜಿಬಿ ಕಾರ್ಡು ವಿಂಡೋಸಲ್ಲಿ 59 ಚಿಲ್ಲರೆ ಅಂತ ತೋರಿಸೋದು ಮೋಸ ಅಲ್ಲ, ಎಣಿಸೋ ರೀತಿ ಬೇರೆ ಅಷ್ಟೇ.

ಪ್ರಶ್ನೆ: ಕಾರ್ಡ್ ಹೊಸದು, ಆದ್ರೂ 'ಕಾರ್ಡ್ ಫುಲ್' ಅಂತ ಬರುತ್ತೆ. ಲೂಪ್ ರೆಕಾರ್ಡಿಂಗ್ ಆನ್ ಇದೆ. ಹಂಗೇ ಆ್ಯಕ್ಸಿಡೆಂಟ್ ಆದ್ರೆ ವಿಡಿಯೋ ಕೋರ್ಟಲ್ಲಿ ನಡೆಯುತ್ತಾ? (ಮೈಸೂರು)

ಉತ್ತರ: ಜಿ ಸೆನ್ಸರ್ ನೋಡಿ. ಗಾಡಿ ಜೋರಾಗಿ ಅಲ್ಲಾಡಿದ್ರೆ ಕ್ಯಾಮೆರಾ ಗುದ್ದಿದೆ ಅಂದ್ಕೊಂಡು ಆ ಫೈಲನ್ನ ಲಾಕ್ ಮಾಡುತ್ತೆ, ಲಾಕ್ ಆದ ಫೈಲನ್ನ ಲೂಪ್ ಅಳಿಸಲ್ಲ. ನಮ್ಮ ರೋಡಲ್ಲಿ ಒಂದೊಂದು ರೋಡ್ ಹಂಪ್‌ಗೂ ಒಂದೊಂದು ಗುಂಡಿಗೂ ಲಾಕ್ ಆಗಿ ಆಗಿ ಕಾರ್ಡ್ ತುಂಬ್ಕೊಂಡಿರುತ್ತೆ. ಸೆನ್ಸಿಟಿವಿಟಿ ಲೋ ಇಡಿ, ತಿಂಗಳಿಗೊಂದ್ಸಲ ಬೇಕಾದ್ದು ತೆಗೆದಿಟ್ಕೊಂಡು ಕ್ಯಾಮೆರಾ ಒಳಗಿಂದಲೇ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಮಾಡೋಕೆ ಮುಂಚೆ ಇತ್ತೀಚಿನ ಒಂದು ಫೈಲ್ ತೆಗೆದು ಪ್ಲೇ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಮೊದಲ್ನೇ ಪ್ರಶ್ನೆ ಕೇಳಿದ ಅಣ್ಣಂಗೆ ಆ ಹನ್ನೊಂದು ದಿನ ಗೊತ್ತಾಗ್ತಿದ್ದಿದ್ದು ಹಿಂಗೇ.

ಕೋರ್ಟ್ ವಿಷಯ, 2024 ಜುಲೈ 1ರಿಂದ ಹಳೇ ಎವಿಡೆನ್ಸ್ ಆ್ಯಕ್ಟ್ ಜಾಗದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ವಿಡಿಯೋ ಥರದ ಎಲೆಕ್ಟ್ರಾನಿಕ್ ಸಾಕ್ಷಿ ಜೊತೆ ಕೊಡೋ ಸರ್ಟಿಫಿಕೇಟು, ಮೊದಲು 65ಬಿ ಅಂತಿದ್ರಲ್ಲ, ಈಗ 63ನೇ ಸೆಕ್ಷನ್ನಲ್ಲಿದೆ, ಅದರಲ್ಲಿ ಫೈಲಿನ ಹ್ಯಾಶ್ ವ್ಯಾಲ್ಯೂನೂ (ಫೈಲಿನಿಂದ ಲೆಕ್ಕ ಹಾಕಿ ತೆಗೆಯೋ ಗುರುತಿನ ಸಂಖ್ಯೆ, ಫೈಲ್ ಸ್ವಲ್ಪ ಬದಲಾದ್ರೂ ಇದು ಬದಲಾಗುತ್ತೆ) ಬರೀಬೇಕು. ಆದ್ರಿಂದ ಏನಾದ್ರೂ ಆದ ಕೂಡ್ಲೇ ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೀರಿ, ಬಿಟ್ರೆ ಅದು ಮತ್ತೆ ಬರೀತಾ ಹೋಗುತ್ತೆ. ಲ್ಯಾಪ್‌ಟಾಪಿಗೆ ಒಂದು ಕಾಪಿ ಮಾಡಿ, ಕಟ್ ಮಾಡ್ಬೇಡಿ, ಎಡಿಟ್ ಮಾಡ್ಬೇಡಿ, ವಾಟ್ಸಾಪಲ್ಲಿ ಕಳಿಸಿದ್ದನ್ನ ಅಸಲಿ ಅಂತ ಇಟ್ಕೋಬೇಡಿ, ಅದು ಕುಗ್ಗಿಸಿ ಕಳಿಸುತ್ತೆ. ಆ ಕಾರ್ಡನ್ನ ಒಂದು ಕವರಲ್ಲಿ ಹಾಕಿ, ಮೇಲೆ ತಾರೀಖು ಗಾಡಿ ನಂಬರ್ ಬರೆದು ಬೀರುವಲ್ಲಿಡಿ, ಕ್ಯಾಮೆರಾಗೆ ಬೇರೆ ಕಾರ್ಡ್ ಹಾಕಿ ಓಡಿಸಿ. ಅದಕ್ಕೇ ಗಾಡೀಲಿ ಯಾವಾಗ್ಲೂ ಒಂದು ಸ್ಪೇರ್ ಕಾರ್ಡ್ ಇರ್ಲಿ.