ತಾರಸಿಯಿಂದ ಗುರು, ಊರಾಚೆಯಿಂದ ಧೂಮಕೇತು

ಪ್ರಶ್ನೆ: ನಮ್ಮ ಮನೆಯ ತಾರಸಿಯಿಂದ ಆರು ಇಂಚಿನ ದೂರದರ್ಶಕದಲ್ಲಿ ನೋಡಿದಾಗ ಗುರುಗ್ರಹದ ಎರಡು ಪಟ್ಟೆಗಳು ಕಣ್ಣಿಗೆ ಚೆನ್ನಾಗಿ ಕಾಣುತ್ತವೆ. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಮಾತ್ರ ಬರೀ ಬಿಳಿಯ ಬಿಲ್ಲೆ, ಪಕ್ಕದಲ್ಲಿ ನಾಲ್ಕು ಉಪಗ್ರಹಗಳು. 2024ರ ಅಕ್ಟೋಬರಿನ ಧೂಮಕೇತುವಂತೂ ಅದೇ ತಾರಸಿಯಿಂದ ಕಾಣಲೇ ಇಲ್ಲ. ಎರಡಕ್ಕೂ ನಗರದ ಬೆಳಕೇ ಕಾರಣವೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಧೂಮಕೇತುವಿನ ಮಟ್ಟಿಗೆ ನಿಮ್ಮ ಊಹೆ ಸರಿ, ಗುರುವಿನ ಮಟ್ಟಿಗೆ ಅಲ್ಲ. ಗುರುವಿನ ಬಿಂಬ ಎಷ್ಟು ಪ್ರಖರವೆಂದರೆ ಬೀದಿದೀಪಗಳ ಬೆಳಕು ಅದನ್ನು ಮಸುಕಾಗಿಸಲಾರದು. ಸುತ್ತಲಿನ ಕತ್ತಲನ್ನು ಕಂಡ ಫೋನು ತಾನಾಗಿಯೇ ಎಕ್ಸ್‌ಪೋಷರ್ (ಚಿತ್ರಕ್ಕೆ ಒಳಬಿಡುವ ಬೆಳಕಿನ ಪ್ರಮಾಣ) ಹೆಚ್ಚಿಸಿಕೊಳ್ಳುವುದರಿಂದ ಗ್ರಹ ಬೆಳ್ಳಗಾಗುತ್ತದೆ. ಮಂದವಾದ ಉಪಗ್ರಹಗಳು ಮೂಡಿದ್ದೂ ಅದೇ ಕಾರಣದಿಂದ. ಪರದೆಯ ಮೇಲೆ ಗ್ರಹವನ್ನು ಒತ್ತಿ ಹಿಡಿದು ಫೋಕಸ್ ಮತ್ತು ಎಕ್ಸ್‌ಪೋಷರ್‌ಗಳನ್ನು ಸ್ಥಿರಗೊಳಿಸಿ, ಪಟ್ಟೆಗಳು ಕಾಣುವವರೆಗೆ ಬೆಳಕನ್ನು ತಗ್ಗಿಸಿ. ಆಗ ಮರೆಯಾಗುವ ಉಪಗ್ರಹಗಳಿಗೆ ಬೇರೆಯದೇ ಚಿತ್ರ ತೆಗೆಯಬೇಕು.

ಗುರುವನ್ನು ಕಾಡುವುದು ಗಾಳಿ. ಹಗಲಿಡೀ ಕಾದ ಕಾಂಕ್ರೀಟು ರಾತ್ರಿ ಶಾಖವನ್ನು ಬಿಡುತ್ತಿರುವಾಗ ಅದರ ಮೇಲಿನ ಗಾಳಿ ಕದಡಿ ಬಿಂಬ ನಡುಗುತ್ತದೆ. ಕಣ್ಣು ನಡುನಡುವೆ ಸಿಗುವ ನಿಶ್ಚಲ ಕ್ಷಣಗಳನ್ನು ಹಿಡಿದುಕೊಳ್ಳುತ್ತದೆ. ಒಂದೇ ಚಿತ್ರಕ್ಕೆ ಆ ಅದೃಷ್ಟ ಅಪರೂಪ. ಆದ್ದರಿಂದ ಚಿತ್ರದ ಬದಲು ವಿಡಿಯೊ ತೆಗೆಯಿರಿ. ಸೆಕೆಂಡಿಗೆ 30 ಫ್ರೇಮುಗಳಂತೆ ಮೂರು ನಿಮಿಷಕ್ಕೆ 5,400 ಫ್ರೇಮುಗಳು ಸಿಗುತ್ತವೆ. ಆಟೊಸ್ಟ್ಯಾಕರ್ಟ್‌ನಂತಹ ಉಚಿತ ತಂತ್ರಾಂಶವು ಅವುಗಳಲ್ಲಿ ಅತ್ಯುತ್ತಮವಾದ ಐನೂರನ್ನು ಆರಿಸಿ ಒಂದರ ಮೇಲೊಂದು ಹೊಂದಿಸಿಕೊಡುತ್ತದೆ. ಮೂರು ನಿಮಿಷವೆಂಬ ಮಿತಿಗೂ ಕಾರಣವಿದೆ. ಗುರು ಹತ್ತು ಗಂಟೆಯೊಳಗೇ ಒಂದು ಸುತ್ತು ತಿರುಗುವುದರಿಂದ ಬಿಂಬದ ನಡುವಿನ ಕಲೆಗಳು ನಿಮಿಷಕ್ಕೆ ಸುಮಾರು ಕಾಲು ಆರ್ಕ್ ಸೆಕೆಂಡಿನಷ್ಟು (ಆರ್ಕ್ ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ನೇ ಒಂದು ಭಾಗ) ಸರಿಯುತ್ತವೆ. ನಿಮ್ಮ ದೂರದರ್ಶಕ ಬೇರ್ಪಡಿಸಬಲ್ಲದ್ದು ಸುಮಾರು 0.8 ಆರ್ಕ್ ಸೆಕೆಂಡಿನಷ್ಟನ್ನು. ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಚಿತ್ರಿಸಿದರೆ ವಿವರಗಳು ಕಲೆಸಿಹೋಗುತ್ತವೆ. ಗ್ರಹವನ್ನು ಹಿಂಬಾಲಿಸುವ ಮೋಟಾರು ನಿಮ್ಮಲ್ಲಿಲ್ಲದಿದ್ದರೆ ಚಿಂತೆಯಿಲ್ಲ, ನೋಟದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗ್ರಹವೇ ಸಾಗಲಿ.

ದೂರದರ್ಶಕವನ್ನು ಒಂದು ಗಂಟೆ ಮುಂಚೆಯೇ ಹೊರಗಿಟ್ಟು ತಣಿಸಿ, ಗ್ರಹ ನೆತ್ತಿಯ ಸಮೀಪ ಬರುವವರೆಗೆ ಕಾಯಿರಿ. ಈ ವಿಷಯದಲ್ಲಿ ನಾವು ಭಾಗ್ಯವಂತರೆಂದೇ ನನ್ನ ಭಾವನೆ. 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಿ ಗುರು ತನ್ನ ದಕ್ಷಿಣತಮ ಸ್ಥಾನದಲ್ಲಿದ್ದಾಗಲೂ ನಡು ಆಕಾಶದಲ್ಲಿ ಐವತ್ತು ಡಿಗ್ರಿಗಿಂತ ಎತ್ತರಕ್ಕೇರುತ್ತಾನೆ. ಲಂಡನ್ನಿನಲ್ಲಿ ಆಗ ಅವನು ಹದಿನೈದು ಡಿಗ್ರಿಯ ಆಸುಪಾಸಿನಲ್ಲಿ, ದಪ್ಪ ಗಾಳಿಯ ಹಿಂದೆ ತೆವಳುತ್ತಿರುತ್ತಾನೆ.

ಉಪಗ್ರಹಗಳ ಚಿತ್ರವನ್ನು ಸತತ ಕೆಲವು ರಾತ್ರಿ ತೆಗೆದಿಡಿ. ಅಯೊ 1.77 ದಿನ, ಯುರೋಪಾ 3.55 ದಿನ, ಗ್ಯಾನಿಮೀಡ್ 7.15 ದಿನಗಳಲ್ಲಿ ಸುತ್ತು ಮುಗಿಸುತ್ತವೆ; ಒಂದರ ಅವಧಿ ಹಿಂದಿನದರ ಸುಮಾರು ಇಮ್ಮಡಿಯಾಗಿರುವುದನ್ನು ನಿಮ್ಮ ಚಿತ್ರಗಳಿಂದಲೇ ಲೆಕ್ಕ ಹಾಕಬಹುದು.

ಇನ್ನು ಧೂಮಕೇತು. ನೀವು ಹೇಳುವ ತ್ಸುಚಿನ್‌ಶಾನ್–ಅಟ್ಲಾಸ್ ಅಕ್ಟೋಬರ್ 12ರಂದು ಭೂಮಿಗೆ ಅತಿ ಸಮೀಪ ಬಂದು, ಅನಂತರ ಸಂಜೆಯ ಪಶ್ಚಿಮಾಕಾಶದಲ್ಲಿ ಕಾಣಿಸಿಕೊಂಡಿತು. ಧೂಮಕೇತುವಿಗೆ ಹೇಳುವ ಕಾಂತಿಮಾನ ಅದರ ಒಟ್ಟು ಬೆಳಕಿನ ಲೆಕ್ಕ. ಆ ಬೆಳಕು ತಲೆಯಿಂದ ಬಾಲದವರೆಗೆ ಹರಡಿ ತೆಳುವಾಗುವುದರಿಂದ ನಗರದ ಮಬ್ಬು ಬೆಳಕು ಅದನ್ನು ನುಂಗಿಬಿಡುತ್ತದೆ. ದೂರದರ್ಶಕ ದೊಡ್ಡದಾದ ಮಾತ್ರಕ್ಕೆ ಇದು ಸರಿಹೋಗದು, ಜಾಗವನ್ನೇ ಬದಲಿಸಬೇಕು. ಸಂಜೆಯ ಧೂಮಕೇತುವಿಗೆ ನೀವು ಮಾಗಡಿ ರಸ್ತೆ ಹಿಡಿದು ಪಶ್ಚಿಮಕ್ಕೆ ಹೊರಟರೆ ಬೆಂಗಳೂರಿನ ಬೆಳಕು ನಿಮ್ಮ ಬೆನ್ನಿಗೆ ಬೀಳುತ್ತದೆ; ಮುಂಜಾನೆಯದಾದರೆ ಕೋಲಾರದ ಕಡೆ ಹೋಗಬೇಕು. ದೂರದರ್ಶಕವನ್ನು ಮನೆಯಲ್ಲೇ ಬಿಟ್ಟು, ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿರಿಸಿ, 50 ಮಿ.ಮೀ. ಲೆನ್ಸಿನಲ್ಲಿ ಐದಾರು ಸೆಕೆಂಡಿನ ಹತ್ತಿಪ್ಪತ್ತು ಚಿತ್ರಗಳನ್ನು ತೆಗೆಯಿರಿ. ಜೋಡಿಸುವಾಗ ನಕ್ಷತ್ರಗಳಿಗೆ ಬದಲಾಗಿ ಧೂಮಕೇತುವಿನ ತಲೆಯನ್ನೇ ಗುರುತಾಗಿ ಇಟ್ಟುಕೊಳ್ಳಿ.