ಹೂವು ಬಿಡಿ, ಎಲೆ ತಿರುಗಿಸಿ ನೋಡಿ

ನಮಸ್ಕಾರ,

ನೀವು ಕಳಿಸಿದ ಚಿಟ್ಟೆಗಳ ಲೇಖನವನ್ನು ಎರಡು ಸಲ ಓದಿದೆ. ಮೊದಲೇ ಹೇಳಿಬಿಡುತ್ತೇನೆ, ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ 'ಆಯ್ಕೆಯಾಗಿಲ್ಲ' ಅಂತ ಒಂದು ಸಾಲು ಬರೆದು ಮುಗಿಸಲು ಮನಸ್ಸು ಬರಲಿಲ್ಲ. ನಿಮ್ಮ ಎಂಟು ಪುಟಗಳಲ್ಲಿ ಆರನೇ ಪುಟದ ಕೆಳಗೆ ಒಂದು ಸಣ್ಣ ಪ್ಯಾರಾ ಇದೆ. ನಿಂಬೆ ಗಿಡದ ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಅಂದುಕೊಂಡು ಒರೆಸಲು ಕೈ ಚಾಚಿದಿರಿ, ಆ ಹಿಕ್ಕೆ ತಲೆ ಎತ್ತಿತು. ನಾಲ್ಕೇ ಸಾಲು. ಆ ನಾಲ್ಕು ಸಾಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಹಾಕಿ. ಬೇಜಾರಾಗುತ್ತದೆ, ಗೊತ್ತು. 'ಹಾರುವ ಹೂವುಗಳು', 'ಪ್ರಕೃತಿಯ ಕುಂಚ', 'ಹೂವಿಂದ ಹೂವಿಗೆ ಹಾರುವ ಚಂಚಲೆ' ಇವೆಲ್ಲ ನೀವು ಕಣ್ಣಾರೆ ಕಂಡು ಬರೆದ ಮಾತುಗಳಲ್ಲ, ಬರೆಯಲು ಕೂತಾಗ ತಾವಾಗಿಯೇ ಬಂದು ಕೂತ ಮಾತುಗಳು. ಓದುಗರಿಗೆ ಅವು ಬಾಯಿಪಾಠ. ಕಣ್ಣು ಹಾಗೇ ಜಾರಿಕೊಂಡು ಹೋಗುತ್ತದೆ.

ಇನ್ನೊಂದು ಕಾರಣವೂ ಇದೆ. ಚಿಟ್ಟೆಯ ಬದುಕಿನಲ್ಲಿ ಹೂವು ನೀವು ಅಂದುಕೊಂಡಷ್ಟು ದೊಡ್ಡ ವಿಷಯ ಅಲ್ಲ. ಬಹುತೇಕ ಚಿಟ್ಟೆಗಳಿಗೆ ಮಕರಂದ ಈ ಹೂವಿನದೋ ಆ ಹೂವಿನದೋ, ಹೀರುನಳಿಗೆ ನಿಲುಕಿದರೆ ಸಾಕು. ಕೆಲವು ಹೂವಿನ ಕಡೆ ಬರುವುದೇ ಅಪರೂಪ, ಕೊಳೆತ ಹಣ್ಣು, ಮರದಿಂದ ಸೋರುವ ರಸ ಹೀರಿಕೊಂಡು ಬದುಕುತ್ತವೆ. ಹುಳುವಾಗಿದ್ದಾಗ ಆ ಉದಾರತೆ ಇಲ್ಲ. ಬಹಳಷ್ಟು ಜಾತಿಗಳಿಗೆ ಇಂಥದ್ದೇ ಗಿಡ ಬೇಕು, ಕೆಲವಕ್ಕಂತೂ ಆ ಗಿಡದ ಎಳೆ ಎಲೆಯೇ ಬೇಕು. ಸಿಗದಿದ್ದರೆ ಸುತ್ತ ಹಸಿರು ತುಂಬಿದ್ದರೂ ಹಸಿದು ಸಾಯುತ್ತದೆ. ಚಿಟ್ಟೆಯ ಕಥೆ ಇರುವುದು ಎಲೆಯಲ್ಲಿ. ನಿಮ್ಮ ಲೇಖನದಲ್ಲಿ ಎಲೆ ಬರುವುದೇ ಆರನೇ ಪುಟಕ್ಕೆ.

ಈಗ ತಪ್ಪುಗಳಿಗೆ ಬರೋಣ. 'ಹೆಣ್ಣು ಚಿಟ್ಟೆ ತನಗೆ ಸಿಕ್ಕ ಎಲೆಯ ಮೇಲೆ ಮೊಟ್ಟೆ ಇಟ್ಟು ಹಾರಿಹೋಗುತ್ತದೆ' ಅಂತ ಬರೆದಿದ್ದೀರಿ. ಸಿಕ್ಕ ಎಲೆಯ ಮೇಲಲ್ಲ. ಒಂದು ಬೆಳಿಗ್ಗೆ ಮೊಟ್ಟೆ ಇಡುವ ಚಿಟ್ಟೆಯ ಹಿಂದೆ ಬಿದ್ದು ನೋಡಿ. ಅದು ಒಂದು ಎಲೆ ಮೇಲೆ ಇಳಿಯುತ್ತದೆ, ಮುಂಗಾಲಿನಿಂದ ಪಟಪಟ ಅಂತ ಬಡಿಯುತ್ತದೆ, ಏಳುತ್ತದೆ. ಪಕ್ಕದ ಗಿಡ, ಮತ್ತೆ ಬಡಿಯುವುದು, ಮತ್ತೆ ಏಳುವುದು. ಅದರ ಕಾಲಿನಲ್ಲೇ ರುಚಿ ತಿಳಿಯುವ ಅಂಗ ಇದೆ, ಆ ಬಡಿತದಲ್ಲಿ ಎಲೆಯ ರಸದ ರುಚಿ ನೋಡುತ್ತಿರುತ್ತದೆ. ಸರಿಯಾದ ಗಿಡ ಅಂತ ಖಾತ್ರಿಯಾದ ಮೇಲೇ ಹೊಟ್ಟೆ ಬಗ್ಗಿಸಿ ಮೊಟ್ಟೆ ಅಂಟಿಸುತ್ತದೆ. ನಿಂಬೆ ಚಿಟ್ಟೆಯಾದರೆ ಒಂದು ಕಡೆ ಒಂದೇ ಮೊಟ್ಟೆ. ತಾನು ಎಂದೂ ತಿನ್ನದ ಎಲೆಯನ್ನು ಮರಿಗಾಗಿ ಹುಡುಕುತ್ತದಲ್ಲ, ನಿಮ್ಮ ಲೇಖನ ಇಲ್ಲಿಂದಲೇ ಶುರುವಾಗಬಹುದಿತ್ತು.

ಯಾಕೆ ಇಷ್ಟು ಕಟ್ಟುನಿಟ್ಟು ಅಂತ ನೀವು ಕೇಳಿಕೊಂಡೇ ಇಲ್ಲ, ಅದು ನನಗೆ ಆಶ್ಚರ್ಯ. ಗಿಡ ಓಡಿಹೋಗಲಾರದು, ಹಾಗಾಗಿ ಎಲೆಯಲ್ಲಿ ವಿಷ ತುಂಬಿಕೊಳ್ಳುತ್ತದೆ. ಪ್ರತಿ ಗಿಡದ ಬಳಗಕ್ಕೂ ಅದರದೇ ವಿಷ. ಆ ಒಂದು ವಿಷವನ್ನು ಅರಗಿಸಿಕೊಳ್ಳಲು ಕಲಿತ ಹುಳುವಿಗೆ ಆ ಗಿಡ ತನ್ನ ಪಾಲಿನದಾಗುತ್ತದೆ, ಪೈಪೋಟಿಗೆ ಬರುವವರೂ ಕಮ್ಮಿ. ಹೀಗೆ ಗಿಡ ಮತ್ತು ಹುಳು ಒಂದನ್ನೊಂದು ತಿದ್ದುತ್ತಾ ಬಂದಿವೆ ಎಂಬುದನ್ನು ಪಾಲ್ ಎರ್ಲಿಕ್ ಮತ್ತು ಪೀಟರ್ ರೇವನ್ ಎಂಬ ಅಮೆರಿಕದ ವಿಜ್ಞಾನಿಗಳು 1964ರಲ್ಲಿ ಬರೆದರು, ಆಮೇಲೆ ಈ ವಿಷಯದಲ್ಲಿ ಕೆಲಸ ಮಾಡಿದವರೆಲ್ಲ ಅಲ್ಲಿಗೆ ಒಮ್ಮೆ ಹೋಗಿ ಬರುತ್ತಾರೆ. ಅದಕ್ಕೂ ಹಿಂದೆ, 1910ರಲ್ಲಿ, ವೆರ್ಶಾಫೆಲ್ಟ್ ಎಂಬ ಡಚ್ ವಿಜ್ಞಾನಿ ಎಲೆಕೋಸು ತಿನ್ನುವ ಬಿಳಿ ಚಿಟ್ಟೆಯ ಹುಳುಗಳ ಮುಂದೆ ಅವು ಸಾಮಾನ್ಯವಾಗಿ ಮುಟ್ಟದ ಎಲೆಗಳನ್ನು ಇಟ್ಟ. ಸಾಸಿವೆ ಬಳಗದ ಗಿಡಗಳ ಘಾಟಿಗೆ ಕಾರಣವಾದ ವಸ್ತುವನ್ನು ಆ ಎಲೆಗಳಿಗೆ ಸವರಿದ. ಹುಳುಗಳು ತಿಂದವು! ಬೇರೆ ಹುಳುಗಳನ್ನು ದೂರ ಇಡಲು ಗಿಡ ಮಾಡಿಕೊಂಡ ಘಾಟು, ಈ ಹುಳುವಿಗೆ ಊಟದ ಗುರುತು. ಇಂಥ ಒಂದು ಪ್ರಯೋಗ ನಿಮ್ಮ ಮೂರು ಪುಟದ ಬಣ್ಣಕ್ಕಿಂತ ಜಾಸ್ತಿ ಹೇಳುತ್ತದೆ.

ಅಮೆರಿಕದ ಮೊನಾರ್ಕ್ ಚಿಟ್ಟೆಯ ಬಗ್ಗೆ ನೀವು ಬರೆದದ್ದು ಬರೀ ವಲಸೆ. ಅದರ ಹುಳು ಎಕ್ಕದ ಬಳಗದ ಮಿಲ್ಕ್‌ವೀಡ್ ಗಿಡ ತಿನ್ನುತ್ತದೆ. ಎಲೆ ಕಿತ್ತರೆ ಹಾಲು ಜಿನುಗುವ ಗಿಡ ಅದು, ಆ ಹಾಲು ಅಂಟಂಟು, ಆಗತಾನೇ ಮೊಟ್ಟೆಯೊಡೆದ ಎಷ್ಟೋ ಮರಿಗಳು ಅದರಲ್ಲೇ ಸಿಕ್ಕಿ ಸಾಯುತ್ತವೆ. ಸ್ವಲ್ಪ ಬೆಳೆದ ಹುಳು ಏನು ಮಾಡುತ್ತದೆ ಗೊತ್ತಾ? ಮೊದಲು ಎಲೆಯ ತೊಟ್ಟನ್ನೋ ನಡುನರವನ್ನೋ ಕಚ್ಚಿ ಬಿಡುತ್ತದೆ. ಹಾಲು ಅಲ್ಲೇ ಸುರಿದುಹೋಗುತ್ತದೆ, ಎಲೆ ಜೋತು ಬೀಳುತ್ತದೆ, ಆಮೇಲೆ ತುದಿಯಿಂದ ನಿಧಾನಕ್ಕೆ ತಿನ್ನುತ್ತದೆ. ಮೈಗೆ ಸೇರಿದ ವಿಷವನ್ನು ಕೂಡಿಟ್ಟುಕೊಂಡು ಚಿಟ್ಟೆಯಾದ ಮೇಲೂ ಹಕ್ಕಿಗಳಿಂದ ಬಚಾವಾಗುತ್ತದೆ.

ಪದಗಳ ವಿಷಯದಲ್ಲೂ ಹುಷಾರಾಗಿರಿ. ಎಲ್ಲ ಕಡೆ 'ಕಂಬಳಿಹುಳು' ಅಂದಿದ್ದೀರಿ. ಮೈತುಂಬ ಕೂದಲಿರುವ, ಮುಟ್ಟಿದರೆ ತುರಿಸುವ ಹುಳುವಿಗೆ ನಮ್ಮವರು ಕಂಬಳಿಹುಳು ಅನ್ನುವುದು, ಅವುಗಳಲ್ಲಿ ಹೆಚ್ಚಿನವು ಪತಂಗದ ಮರಿಗಳು. ನಿಮ್ಮ ನಿಂಬೆ ಗಿಡದ ಹುಳುವಿಗೆ ಅಂಥ ಕೂದಲಿಲ್ಲ. ಸುಮ್ನೆ 'ಹುಳು' ಅನ್ನಿ, 'ಮರಿಹುಳು' ಅನ್ನಿ. 'ರೇಷ್ಮೆ ಗೂಡು ಕಟ್ಟಿಕೊಳ್ಳುತ್ತದೆ' ಎಂಬುದೂ ಹಾಗೇ. ಗೂಡು ನೇಯುವುದು ರೇಷ್ಮೆ ಹುಳುವಿನಂಥ ಪತಂಗಗಳು. ನಿಂಬೆ ಚಿಟ್ಟೆಯ ಹುಳು ಕಡ್ಡಿಗೆ ಒಂದು ಚೂರು ನೂಲಿನ ಗಾದಿ ಹಾಕಿ ಬಾಲ ಸಿಕ್ಕಿಸುತ್ತದೆ, ಸೊಂಟಕ್ಕೆ ಒಂದು ನೂಲು ಸುತ್ತಿಕೊಂಡು ಒರಗಿ ನಿಲ್ಲುತ್ತದೆ, ಆಮೇಲೆ ಕೊನೆಯ ಚರ್ಮ ಕಳಚಿದರೆ ಒಳಗಿರುವುದೇ ಕೋಶ. ಸುತ್ತ ಗೂಡು ಇಲ್ಲ.

ಏಳನೇ ಪುಟದಲ್ಲಿ, ಹೊರಬರಲು ಒದ್ದಾಡುವ ಚಿಟ್ಟೆಗೆ ಕೋಶ ಬಿಡಿಸಿ ಸಹಾಯ ಮಾಡಬಹುದು ಅಂದಿದ್ದೀರಿ. ದಯವಿಟ್ಟು ಆ ಸಾಲು ತೆಗೆಯಿರಿ. ಹೊರಬಂದ ಚಿಟ್ಟೆಯ ರೆಕ್ಕೆ ಒದ್ದೆ ಬಟ್ಟೆಯ ಹಾಗೆ ಮುದುಡಿರುತ್ತದೆ, ಅದು ಜೋತುಬಿದ್ದುಕೊಂಡು ಹೊಟ್ಟೆಯಿಂದ ರಸ ಒತ್ತಿ ರೆಕ್ಕೆ ಬಿಡಿಸಿಕೊಳ್ಳಬೇಕು. ನಾವು ಕೈ ಹಾಕಿದರೆ ಆ ಮೆತ್ತನೆಯ ರೆಕ್ಕೆಗೇ ಪೆಟ್ಟು.

ಇದೆಲ್ಲ ತಿದ್ದಬಹುದಾದ ತಪ್ಪು. ನನಗೆ ನಿಜವಾಗಿ ಸಂಕಟವಾದದ್ದು ಕೊನೆಯ ಪುಟ. ಅಲ್ಲಿ 'ಎಲೆ ತಿನ್ನುವ ಹುಳುಗಳಿಗೆ ಔಷಧಿ ಹೊಡೆದು ಗಿಡಗಳನ್ನು ಆರೋಗ್ಯವಾಗಿಡಿ, ಚಿಟ್ಟೆಗಳು ತಾವಾಗಿಯೇ ಬರುತ್ತವೆ' ಅಂತ ಓದುಗರಿಗೆ ಹೇಳಿದ್ದೀರಿ. ನೀವು ಹೊಡೆಯಲು ಹೇಳಿದ್ದು ಆ ಚಿಟ್ಟೆಗಳಿಗೇ ಅಲ್ವಾ? ಆರನೇ ಪುಟದಲ್ಲಿ ತಲೆ ಎತ್ತಿದ ಹುಳುವನ್ನು ಎಂಟನೇ ಪುಟದಲ್ಲಿ ಸಾಯಿಸಿದ್ದೀರಿ, ಅದು ನಿಮ್ಮ ಗಮನಕ್ಕೂ ಬಂದಿಲ್ಲ. ಚಿಟ್ಟೆ ಬೇಕು ಅನ್ನುವವರು ತೂತಾದ ಎಲೆಯನ್ನು ನೋಡಿ ಖುಷಿಪಡಬೇಕು. ಇದನ್ನು ನೀವು ಇಷ್ಟೇ ನೇರವಾಗಿ ಓದುಗರಿಗೆ ಹೇಳಬೇಕು.

'ಗಿಡ ನೆಟ್ಟರೆ ಸಾಕು' ಎಂಬ ಮಾತೂ ಅಷ್ಟು ಸಲೀಸಲ್ಲ. ಆಸ್ಟ್ರೇಲಿಯಾದ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಗೆ ಅಲ್ಲಿನ ಕಾಡಿನ ಒಂದು ಬಳ್ಳಿ ಆಧಾರ. ಅದೇ ಬಳಗದ ಇನ್ನೊಂದು ಬಳ್ಳಿಯನ್ನು ಹೂವಿನ ಅಂದಕ್ಕೆ ದಕ್ಷಿಣ ಅಮೆರಿಕದಿಂದ ತಂದು ತೋಟಗಳಲ್ಲಿ ಬೆಳೆಸಿದರು. ಹೆಣ್ಣು ಚಿಟ್ಟೆ ಅದನ್ನೇ ತನ್ನ ಬಳ್ಳಿ ಎಂದು ನಂಬಿ ಮೊಟ್ಟೆ ಇಡುತ್ತದೆ. ಮರಿಗಳು ತಿಂದು ಸಾಯುತ್ತವೆ. ಕಾಲಿನ ರುಚಿಯೂ ಮೋಸ ಹೋಗುವ ಜಾಗ ಅದು.

ಇನ್ನು ಬ್ರಿಟನ್ನಿನ ಲಾರ್ಜ್ ಬ್ಲೂ ಎಂಬ ನೀಲಿ ಚಿಟ್ಟೆ. ಅದರ ಹುಳು ಮೊದಲ ಕೆಲವು ವಾರ ಕಾಡು ಥೈಮ್ ಎಂಬ ಪುಟ್ಟ ಪರಿಮಳದ ಗಿಡದ ಹೂವು ತಿನ್ನುತ್ತದೆ, ಆಮೇಲೆ ನೆಲಕ್ಕೆ ಬೀಳುತ್ತದೆ, ಒಂದು ಜಾತಿಯ ಕೆಂಪು ಇರುವೆ ಅದನ್ನು ತನ್ನದೇ ಮರಿ ಎಂದು ಗೂಡಿಗೆ ಎತ್ತಿಕೊಂಡು ಹೋಗುತ್ತದೆ, ಒಳಗೆ ಅದು ಇರುವೆ ಮರಿಗಳನ್ನೇ ತಿಂದು ಬೆಳೆಯುತ್ತದೆ. ಥೈಮ್ ಇದ್ದ ಜಾಗಗಳಿಗೆ ಬೇಲಿ ಹಾಕಿ ಕಾಪಾಡಿದರೂ ಚಿಟ್ಟೆ ಕಮ್ಮಿಯಾಗುತ್ತಲೇ ಹೋಯಿತು. 1950ರ ದಶಕದಲ್ಲಿ ರೋಗ ಬಂದು ಮೊಲಗಳು ಸತ್ತವು, ಮೇಯುವವರಿಲ್ಲದೆ ಹುಲ್ಲು ಎತ್ತರ ಬೆಳೆಯಿತು, ನೆಲ ತಣ್ಣಗಾಯಿತು, ಬಿಸಿಲು ಬೇಕಾದ ಆ ಇರುವೆ ಜಾಗ ಬಿಟ್ಟಿತು. ಜೆರೆಮಿ ಥಾಮಸ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಹುಲ್ಲಿನಲ್ಲಿ ಕೂತು ನೋಡಿ ಇದನ್ನು ಬಿಡಿಸುವ ಹೊತ್ತಿಗೆ ಕಾಲ ಮೀರಿತ್ತು. 1979ರಲ್ಲಿ ಅದು ಬ್ರಿಟನ್ನಿನಿಂದ ಅಳಿಯಿತು. 1983ರಲ್ಲಿ ಸ್ವೀಡನ್ನಿನಿಂದ ತಂದು ಮತ್ತೆ ಬಿಟ್ಟರು, ಈ ಸಲ ಹುಲ್ಲು ಮೇಯಿಸಿ ಇರುವೆಗೆ ಜಾಗ ಮಾಡಿಕೊಟ್ಟ ಮೇಲೆ. ಚಿಟ್ಟೆ ಉಳಿಯಿತು.

ನಿಮ್ಮ 42 ಚಿಟ್ಟೆಗಳ ಪಟ್ಟಿಯನ್ನೂ ತೆಗೆಯಿರಿ. ಅದಕ್ಕೆ ಎಷ್ಟು ಶ್ರಮ ಹಾಕಿದ್ದೀರಿ ಅಂತ ಕಾಣುತ್ತದೆ, ಆದರೆ ಪಟ್ಟಿ ಓದಿ ಯಾರಿಗೂ ಹುಳು ಕಾಣುವುದಿಲ್ಲ. ಒಂದು ಗಿಡ ಸಾಕು. ಅದೇ ನಿಂಬೆ ಗಿಡಕ್ಕೆ ವಾಪಸ್ ಹೋಗಿ, ಒಂದು ತಿಂಗಳು ದಿನಾ ಹೋಗಿ. ಬೆಚ್ಚಗಿನ ಕಾಲದಲ್ಲಿ ಮೊಟ್ಟೆಯಿಂದ ಚಿಟ್ಟೆಯವರೆಗೆ ಹೆಚ್ಚುಕಮ್ಮಿ ಅಷ್ಟೇ ದಿನ. ಒಂದು ನೋಟ್‌ಬುಕ್, ಒಂದು ಭೂತಗನ್ನಡಿ. ಎಳೆ ಚಿಗುರಿನ ಮೇಲೆ ಸಾಸಿವೆ ಕಾಳಿನಂಥ, ನಸುಹಳದಿ ಮೊಟ್ಟೆ ಹುಡುಕಿ. ನಾಲ್ಕು ಸಲ ಚರ್ಮ ಕಳಚುತ್ತಾ ಬೆಳೆಯುತ್ತದೆ, ಪ್ರತಿ ಸಲ ಹಳೆಯ ತಲೆಯ ಚಿಪ್ಪು ಬೇರೆಯಾಗಿ ಉದುರುತ್ತದೆ, ಅದನ್ನು ಹುಡುಕಿ ಇಟ್ಟುಕೊಳ್ಳಿ. ಕೊನೆಯ ಹಂತಕ್ಕೆ ಬಂದಾಗ ಹಿಕ್ಕೆಯ ವೇಷ ಹೋಗಿ ಹಸಿರಾಗುತ್ತದೆ, ಎರಡು ದೊಡ್ಡ ಕಣ್ಣು ಕಂಡಂತಾಗುತ್ತದೆ. ಅವು ಕಣ್ಣಲ್ಲ, ಬೆನ್ನ ಮೇಲಿನ ಗುರುತು. ನಿಜವಾದ ತಲೆ ಕೆಳಗೆ ಮಡಚಿಕೊಂಡಿರುತ್ತದೆ, ಅದರ ಎರಡೂ ಪಕ್ಕ ಆರಾರು ಚುಕ್ಕಿಯಂಥ ಕಣ್ಣು. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ಆ ವಾಸನೆ ಹೇಗಿತ್ತು ಅಂತ ನಿಮ್ಮದೇ ಮಾತಿನಲ್ಲಿ ಬರೆಯಿರಿ.

ನಾನೂ ಹೀಗೆ ನೋಡುತ್ತಾ ಕೂತವನೇ. ಒಂದು ಕೋಶವನ್ನು ಮೊದಲ ದಿನದಿಂದ ನೋಡಿಕೊಂಡಿದ್ದೆ, ಹಸಿರಿಗಿತ್ತು, ದಿನ ಕಳೆದಂತೆ ಕಂದಾಯಿತು. ರೆಕ್ಕೆಯ ಬಣ್ಣ ಒಳಗಿಂದ ಕಾಣಬೇಕಿದ್ದ ದಿನ ಅದರ ಪಕ್ಕೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಇತ್ತು. ಅದರಿಂದ ಪುಟ್ಟ ಕಣಜಗಳು ಒಂದರ ಹಿಂದೆ ಒಂದು ಬಂದವು, ಕೋಶದ ಮೇಲೇ ನಿಂತು ಮೀಸೆ ಒರೆಸಿಕೊಂಡು ಹಾರಿಹೋದವು. ತುಂಬ ಹೊತ್ತು ಅಲ್ಲೇ ನಿಂತಿದ್ದೆ. ನಿಮಗೂ ಹೀಗಾಗಬಹುದು. ಇಟ್ಟ ಮೊಟ್ಟೆಗಳಲ್ಲಿ ಚಿಟ್ಟೆಯಾಗಿ ಹಾರುವುದು ಸ್ವಲ್ಪವೇ. ಹಾಗಾದರೆ ಅದನ್ನೂ ಬರೆಯಿರಿ, ಇನ್ನೊಂದು ಹುಳು ತಂದು ಕಥೆ ಮುಗಿಸಬೇಡಿ.

ಮರಿಯಾ ಸಿಬಿಲ್ಲಾ ಮೇರಿಯನ್ ಎಂಬ ಕಲಾವಿದೆ 1699ರಲ್ಲಿ, ತನ್ನ ಐವತ್ತರ ಹರೆಯದಲ್ಲಿ, ಮಗಳನ್ನು ಕರೆದುಕೊಂಡು ಹಡಗು ಹತ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದಳು, ಹುಳುಗಳನ್ನು ನೋಡಲು. ಆಕೆ ಚಿಟ್ಟೆಯನ್ನು ಖಾಲಿ ಹಾಳೆಯ ನಡುವೆ ಬರೆಯಲಿಲ್ಲ. ಗಿಡ, ಅದರ ತಿಂದ ಎಲೆ, ಹುಳು, ಕೋಶ, ಚಿಟ್ಟೆ ಎಲ್ಲ ಒಂದೇ ಹಾಳೆಯಲ್ಲಿ. ನಿಮ್ಮ ಲೇಖನದ ಜೊತೆ ಬಂದ ಹನ್ನೊಂದು ಫೋಟೋಗಳಲ್ಲಿ ಒಂದರಲ್ಲೂ ಎಲೆಗೆ ತೂತಿಲ್ಲ. ಮುಂದಿನ ಸಲ ರೆಕ್ಕೆಯ ಫೋಟೋ ಒಂದು ಸಾಕು, ಉಳಿದದ್ದು ಎಲೆಯ ಅಡಿಭಾಗದ್ದು ಕಳಿಸಿ.

ಸಾವಿರದ ಇನ್ನೂರು ಪದ ಮೀರಬೇಡಿ. ಅವಸರ ಇಲ್ಲ, ಆ ತಿಂಗಳು ಪೂರ್ತಿ ಮುಗಿಯಲಿ. ಮತ್ತೆ ಒಂದು ವಿಷಯ: ಹಿಕ್ಕೆ ತಲೆ ಎತ್ತಿತು ಅಂತ ಬರೆದು ನೀವು ಮುಂದಿನ ಪ್ಯಾರಾಕ್ಕೆ ಬೇರೆ ಚಿಟ್ಟೆಗೆ ಹೋಗಿಬಿಟ್ಟಿರಿ. ಚಾಚಿದ ಕೈ ಏನು ಮಾಡಿತು, ಆ ಹುಳು ಏನಾಯಿತು? ಲೇಖನ ಬರುವವರೆಗೆ ಕಾಯಲಾರೆ, ಅದೊಂದನ್ನು ಮೊದಲೇ ಎರಡು ಸಾಲಿನಲ್ಲಿ ತಿಳಿಸಿ.