ಬೆಂಗಳೂರಿನಲ್ಲಿ ಪೆಟ್ರೋಲ್ ಕಾರು ಬಿಟ್ಟು ವಿದ್ಯುತ್ ಕಾರಿಗೆ ಬದಲಾಗುವುದು ಪ್ರಾಯೋಗಿಕವೇ?

ಇದು ಕಾರಿಗಿಂತ ಹೆಚ್ಚಾಗಿ ನಿಮ್ಮ ಪಾರ್ಕಿಂಗ್ ಜಾಗವನ್ನು ಅವಲಂಬಿಸಿದೆ. ಸ್ವಂತ ಮನೆಯ ಅಂಗಳದಲ್ಲಿ 15 ಆಂಪಿಯರ್ ಸಾಕೆಟ್ ಇದ್ದರೆ, 30 ಕಿಲೋವ್ಯಾಟ್ ಅವರ್ ಬ್ಯಾಟರಿಯು ರಾತ್ರಿಯಿಡೀ, ಅಂದರೆ ಸುಮಾರು ಹತ್ತು ಗಂಟೆಗಳಲ್ಲಿ, ತುಂಬಿಕೊಳ್ಳುತ್ತದೆ. ಅಪಾರ್ಟ್‌ಮೆಂಟ್ ನಿವಾಸಿಗಳು ಮಾತ್ರ ಸಂಘದ ಒಪ್ಪಿಗೆ, ಪ್ರತ್ಯೇಕ ಮೀಟರ್, ತಂತಿ ಎಳೆಯುವ ಖರ್ಚು ಇವೆಲ್ಲವನ್ನೂ ಮುಂಗಡ ಹಣ ಕೊಡುವ ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸುವವರಿಗೆ ಸದ್ಯಕ್ಕೆ ನಾನು ಇದನ್ನು ಸೂಚಿಸಲಾರೆ.

ಲೀಟರಿಗೆ 15 ಕಿ.ಮೀ. ಓಡುವ ಪೆಟ್ರೋಲ್ ಕಾರಿಗೆ, ಲೀಟರ್ ಬೆಲೆ 100 ರೂಪಾಯಿ ಎಂದು ಹಿಡಿದರೆ, 100 ಕಿ.ಮೀ.ಗೆ ಸುಮಾರು 670 ರೂಪಾಯಿ ತಗಲುತ್ತದೆ. ಅಷ್ಟೇ ದೂರಕ್ಕೆ ಚಾರ್ಜಿಂಗ್ ನಷ್ಟವೂ ಸೇರಿ 17 ಯೂನಿಟ್ ಬಳಸುವ ವಿದ್ಯುತ್ ಕಾರಿಗೆ, ಯೂನಿಟ್‌ಗೆ 7 ರೂಪಾಯಿಯಂತೆ, 120 ರೂಪಾಯಿ ಸಾಕು. ಆದರೆ ಖರೀದಿ ಬೆಲೆ ಹೆಚ್ಚಿರುವುದರಿಂದ, ತಿಂಗಳಿಗೆ ಮುನ್ನೂರು ಕಿ.ಮೀ. ಮಾತ್ರ ಓಡಿಸುವವರಿಗೆ ಆ ವ್ಯತ್ಯಾಸ ಬೇಗ ತುಂಬಿಬರುವುದಿಲ್ಲ.

ದೂರದ ಪ್ರಯಾಣಕ್ಕೆ ಮಂಗಳೂರಿನ ದಾರಿಯೇ ಉತ್ತಮ ಉದಾಹರಣೆ: ಸುಮಾರು 350 ಕಿ.ಮೀ. ಹಾದಿಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ಮೋಟಾರೇ ಜನರೇಟರ್ ಆಗಿ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ ಮರಳಿಸುತ್ತದೆ, ಮರಳಿ ಬರುವಾಗ ಅದೇ ಘಾಟಿಯ ಏರು ಅದಕ್ಕಿಂತ ಹೆಚ್ಚನ್ನು ಕಸಿದುಕೊಳ್ಳುತ್ತದೆ. ಆದ್ದರಿಂದ ಹಾಸನದ ಆಸುಪಾಸಿನಲ್ಲಿ ಒಮ್ಮೆ ವೇಗದ ಚಾರ್ಜರ್ ಬಳಸುವಂತೆ ಸಮಯ ಹೊಂದಿಸಿಕೊಳ್ಳಿ. ಅದು ಊಟದ ಹೊತ್ತಾದರೆ ಕಾಯುವ ಬೇಸರವೂ ಇರದು.